ಮಾಯವ್ವನ ಎರಡು ರಿಂಗ್

ಅಣಬೆ ಗುರುತಿಸುವ ನಮ್ಮ ಆನ್‌ಲೈನ್ ವೇದಿಕೆಗೆ ಹೊಸ ಫೋಟೊ ಬಂದರೆ, ಮೊದಲು ನೋಡಿದವರು ಮುಂದಿನವರಿಗೆ ಎರಡು ರಿಂಗ್ ಕೊಟ್ಟು ಕಟ್ ಮಾಡುವುದು ಪದ್ಧತಿ. ನನಗೆ ಕೊಡುವವಳು ಖಾನಾಪುರದ ಮಾಯವ್ವ.

ಹೋದ ಶ್ರಾವಣದ ಒಂದು ಮಧ್ಯಾಹ್ನ ಅವಳು ಶಹಾಪುರದ ನಮ್ಮ ಮನೆಯಲ್ಲೇ ಚಹಾ ಕುಡಿಯುತ್ತಿದ್ದಳು. ಅವಳ ನಂಬರಿನಿಂದ ನನಗೆ ಎರಡು ರಿಂಗ್ ಬಂತು. ನನ್ನ ಫೋನು ಬಾವಿನೀರಿನಷ್ಟು ತಣ್ಣಗಿತ್ತು.

“ಚ್ಯಾಷ್ಟಿ ಮಾಡ್ತಿಯೇನ, ಮುದುಕಿ?”

“ನನ್ನ ಫೋನು ಮುಂಜಾನಿಂದ ಬಂದ್ ಬಿದ್ದೈತಿ, ನೋಡವಾ.”

ವೇದಿಕೆ ತೆರೆದೆ. ಹೊಸ ಫೋಟೊದಲ್ಲಿ ಒಬ್ಬಳು ಬೆನ್ನು ತಿರುಗಿಸಿ ಕುಳಿತು ವಿಷದ ಅಣಬೆ ಹೆಚ್ಚುತ್ತಿದ್ದಳು.

“ನಮ್ಮ ಅಡಗಿಮನಿ! ನನ್ನ ಸೊಸಿ ಶೀತಲ!” ಎಂದಳು ಮಾಯವ್ವ.

ಕೂಡಲೇ ಶೀತಲಳಿಗೆ ಫೋನ್ ಮಾಡಿ, ಅಣಬೆ ಚೆಲ್ಲು ಎಂದೆ.

“ಚೆಲ್ಲಿದೆರೀ ಆಯಿ. ಖರೇ, ನಿಮಗ್ಯಾರು ಹೇಳಿದ್ರು? ಮನ್ಯಾಗ ನಾ ಒಬ್ಬಾಕಿನೇ ಅದೇನಿ. ಒಳಗಿಂದ ಚಿಲಕಾ ಹಾಕೇನಿ.”