ಕಾರಣವಿಲ್ಲದ ವಾಕ್ಯ

ಬೆಳಿಗ್ಗೆ ಆರೂ ಮುಕ್ಕಾಲು. ಇಂಗ್ಲಿಷ್ ಮೇಷ್ಟ್ರು ತಮ್ಮ ತರಗತಿಯ ಹಿಂದಿನ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಸತ್ತಿದ್ದರು.

ಮೊದಲು ನೋಡಿದವಳು ಕಸ ಗುಡಿಸುವಾಕೆ. ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾರೆ ಅಂದುಕೊಂಡಳು. ಕಿವಿಯ ಮೇಲೆ ಹೆಡ್‌ಫೋನ್ ಹಾಗೇ ಇತ್ತು. ಪೊರಕೆಯ ಹಿಡಿಯಿಂದ ಮೇಜು ತಟ್ಟಿದಳು. ಏಳಲಿಲ್ಲ. ಮುಖ ಮಾತ್ರ ಕೆಂಪಗಿತ್ತು, ಆಗಷ್ಟೇ ಮೆಟ್ಟಿಲು ಹತ್ತಿ ಬಂದವರ ಹಾಗೆ. ಕೋಣೆಯಲ್ಲಿ ಉಸಿರು ಕಟ್ಟುವ ಹೊಗೆ ನಾತ. ಬಾಲ್ಕನಿಗೆ ಓಡಿ ಶಟರ್ ಎತ್ತಲು ಹೋದಳು. ಅದು ಜಗ್ಗಲಿಲ್ಲ. ಹೊರಗಿನಿಂದ ಚಿಲಕ ಬಿದ್ದಿತ್ತು.

ಇನ್‌ಸ್ಪೆಕ್ಟರ್ ಬಂದಾಗ ಕೆಳಗಿನ ಟೈರ್ ಅಂಗಡಿಯ ಮುಂದೆ ಜನ ಸೇರಿದ್ದರು. ಆಕೆ ಯಾರ ಜೊತೆಗೂ ಮಾತಾಡದೆ ಮೇಲೆ ಹೋದಳು. ಮುಂದೆ ಪಾಠದ ಕೋಣೆ. ಅದರ ಹಿಂದೆ ಮೇಷ್ಟ್ರ ಚಿಕ್ಕ ಕೋಣೆ. ಅದರ ಹಿಂದೆ ಬಾಲ್ಕನಿ, ಬಾಲ್ಕನಿಗೆ ಶಟರ್. ಶಟರ್ ಆಚೆಗೆ ಹಿತ್ತಿಲ ಓಣಿಗೆ ಇಳಿಯುವ ಕಬ್ಬಿಣದ ಮೆಟ್ಟಿಲು. ಬಾಲ್ಕನಿಯಲ್ಲಿ ಪೆಟ್ರೋಲ್ ಜನರೇಟರ್. ಟ್ಯಾಂಕ್ ಬರಿದಾಗಿತ್ತು. ಅದರ ವೈರು ಮೇಷ್ಟ್ರ ಕೋಣೆಯ ಬಾಗಿಲ ಸಂದಿಯಿಂದ ಒಳಗೆ ಬಂದಿತ್ತು. ಹಾಗಾಗಿ ಆ ಬಾಗಿಲು ಪೂರ್ತಿ ಮುಚ್ಚುವಂತಿರಲಿಲ್ಲ.

"ಶಟರ್ ಮೇಲಿದ್ರೆ ಹೊಗೆ ಹೊರಗೆ ಹೋಗತ್ತೆ. ಕೆಳಗಿದ್ರೆ ನೇರ ಇವರ ಮೂಗಿಗೆ," ಅಂದರು ಪೊಲೀಸ್ ಡಾಕ್ಟರು. "ದಿನಾ ವಾಸನೆ ಕುಡಿದು ರೂಢಿಯಾದವರಿಗೆ ಅದು ಹೆಚ್ಚಾದ್ರೂ ತಿಳಿಯಲ್ಲ. ನಿದ್ದೆ ಬಂದ ಹಾಗೆ ಆಗತ್ತೆ. ಅಷ್ಟೇ."

ಹೆಡ್ ಕಾನ್‌ಸ್ಟೇಬಲ್ ಆಗಲೇ ಬರೆಯತೊಡಗಿದ್ದ. 'ಆಕಸ್ಮಿಕವಾಗಿ' ಎಂಬಲ್ಲಿಗೆ ಬಂದಿದ್ದ.

"ಆ ಒಂದು ಪದ ತಡೀರಿ," ಅಂದಳು ಇನ್‌ಸ್ಪೆಕ್ಟರ್. "ಹೊರಗಿನ ಚಿಲಕ ತಾನಾಗಿ ಬೀಳಲ್ಲ."

*

ಹಿಂದಿನ ಸಂಜೆ ಕರೆಂಟ್ ಹೋಗಿತ್ತು. ಆ ಹೊತ್ತು ತರಗತಿಯಲ್ಲಿದ್ದವರು ಮೇಷ್ಟ್ರನ್ನು ಬಿಟ್ಟರೆ ನಾಲ್ವರು. ಮೇಷ್ಟ್ರ ತಮ್ಮನ ಮಗ, ಅವನೂ ಅಲ್ಲೇ ಪಾಠ ಹೇಳುತ್ತಿದ್ದ, ಎಲ್ಲರೂ ಕರೆಯುವುದು ಚಿಕ್ಕ ಮೇಷ್ಟ್ರು ಅಂತ. ಉಳಿದವರು ಹೊರದೇಶದ ಕೆಲಸಕ್ಕಾಗಿ ಇಂಗ್ಲಿಷ್ ಕಲಿಯುತ್ತಿದ್ದ ಒಬ್ಬ ಲಾರಿ ಡ್ರೈವರ್, ಒಬ್ಬ ಅಡುಗೆಯವನು, ಒಬ್ಬ ನರ್ಸ್. ನಾಲ್ವರನ್ನೂ ಪಾಠದ ಕೋಣೆಗೆ ಕರೆಸಿದರು. ಕರಿಹಲಗೆಯ ಮೇಲೆ ನಿನ್ನೆಯ ಪಾಠ ಅಳಿಸದೆ ಉಳಿದಿತ್ತು. ಆಕ್ಸಿಡೆಂಟಲಿ, ಡೆಲಿಬರೇಟ್ಲಿ, ಅನ್‌ಫಾರ್ಚುನೇಟ್ಲಿ. ಕೆಳಗೆ ದಪ್ಪಕ್ಷರದಲ್ಲಿ, ಬಿಕಾಸ್.

ಮೊದಲು ಚಿಕ್ಕ ಮೇಷ್ಟ್ರು. ಕಣ್ಣು ಊದಿತ್ತು. ಮಾತು ನಿಧಾನ.

"ಪಾಠ ಬೇಗ ಮುಗಿಸಿದೆ ಮೇಡಂ, ಯಾಕಂದ್ರೆ ದೊಡ್ಡಪ್ಪಂಗೆ ಹುಡುಗರು ಇಂಗ್ಲಿಷ್ ಮಾತಾಡಿದ ರೆಕಾರ್ಡಿಂಗ್ ಕೇಳೋದಿತ್ತು. ಫ್ಯಾನ್ ಆರಿಸಿದೆ, ಯಾಕಂದ್ರೆ ಜನರೇಟರ್ ಮೇಲೆ ಲೋಡ್ ಬೀಳತ್ತೆ. ಎಲ್ಲರಿಗೂ ಮುಂದಿನ ಮೆಟ್ಟಿಲಲ್ಲೇ ಹೋಗಿ ಅಂದೆ, ಯಾಕಂದ್ರೆ ಹಿಂದೆ ಗವ್ವೆನ್ನೋ ಕತ್ತಲೆ. ನಾನು ಹಿಂದಿನ ಮೆಟ್ಟಿಲಿಂದ ಇಳಿದೆ. ಆಗ ಶಟರ್ ಮೇಲಿತ್ತು. ಸೀದಾ ಮನೆಗೆ ಹೋದೆ, ಯಾಕಂದ್ರೆ ಅಮ್ಮಂಗೆ ಮಾತ್ರೆ ಕೊಡೋ ಹೊತ್ತಾಗಿತ್ತು."

ಹೆಡ್ ಕಾನ್‌ಸ್ಟೇಬಲ್ ಆಕಳಿಸಿದ.

ಆಮೇಲೆ ಡ್ರೈವರ್. ನಲವತ್ತರ ಹತ್ತಿರದ ದಪ್ಪ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

"ಇವತ್ತು ಮಧ್ಯಾಹ್ನ ಮೂರಕ್ಕೆ ನನ್ನ ಇಂಟರ್‌ವ್ಯೂ ಮೇಡಂ. ಇದು ತಪ್ಪಿದ್ರೆ ಮುಂದಿನ ಸಲಕ್ಕೆ ವಯಸ್ಸು ಮೀರತ್ತೆ. ನನ್ನ ಬೇಗ ಬಿಟ್ಬಿಡಿ."

"ನಿನ್ನೆ ಮೇಷ್ಟ್ರ ಜೊತೆ ಜಗಳ ಆಯ್ತಂತೆ?"

"ಕೂಗಾಡಿದೆ, ಹೌದು, ಯಾಕಂದ್ರೆ ನೀನು ಇನ್ನೂ ತಯಾರಿಲ್ಲ, ಹೋಗ್ಬೇಡ ಅಂದ್ರು. ಆಮೇಲೆ ಎಲ್ಲರೂ ಹೋದ್ರು. ನಾನು ಉಳಿದೆ, ಯಾಕಂದ್ರೆ ಕ್ಷಮಾಪಣೆ ಕೇಳ್ಬೇಕಿತ್ತು. ಜನರೇಟರ್ ಟ್ಯಾಂಕ್ ಭರ್ತಿ ಮಾಡ್ದೆ, ಯಾಕಂದ್ರೆ ಸರ್ ತಡ ಆಗತ್ತೆ ಅಂದ್ರು. ಶಟರ್ ಮುಟ್ಟಲಿಲ್ಲ, ಯಾಕಂದ್ರೆ ಹೊಗೆ ಹೋಗ್ಬೇಕಲ್ಲ. ಬಾಗಿಲು ಮೆಲ್ಲಗೆ ಎಳ್ಕೊಂಡೆ, ಯಾಕಂದ್ರೆ ಅವರು ಕೇಳಿಸ್ಕೊಳ್ತಾ ಇದ್ರು..."

"ಸಾಕು."

ಇಷ್ಟು ವರ್ಷದ ನೌಕರಿಯಲ್ಲಿ ಇನ್‌ಸ್ಪೆಕ್ಟರ್ ಕಂಡುಕೊಂಡಿದ್ದ ಒಂದು ಲೆಕ್ಕಾಚಾರವಿತ್ತು. ನಿಜ ಹೇಳುವವನು ಮಾಡಿದ್ದನ್ನು ಹೇಳಿ ಸುಮ್ಮನಾಗುತ್ತಾನೆ. ಸುಳ್ಳು ಹೇಳುವವನು ಕೇಳುವ ಮೊದಲೇ ಕಾರಣ ಕೊಡುತ್ತಾನೆ. ಇವನು ಉಸಿರಿಗೊಂದು ಕಾರಣ ಕೊಟ್ಟಿದ್ದ. ಜಗಳವಾಡಿದವನು ಇವನು. ಕಡೆಯಲ್ಲಿ ಹೋದವನು ಇವನು. ಟ್ಯಾಂಕ್ ತುಂಬಿಸಿದವನೂ ಇವನೇ.

"ಠಾಣೆಗೆ ಕರ್ಕೊಂಡ್ ಹೋಗಿ," ಅಂದಳು.

ಡ್ರೈವರ್ ಎದ್ದ. ಎದ್ದವನು ಅಂಗಿಯ ಮುಂಭಾಗವನ್ನು ಎರಡೂ ಕೈಯಿಂದ ಸವರಿ ಸರಿಮಾಡಿಕೊಂಡ. "ಮೂರಕ್ಕೆ ಮೇಡಂ," ಅಂದ.

*

ಅಡುಗೆಯವನ ಹೇಳಿಕೆ ನೆಪಕ್ಕೆ ಅಂದುಕೊಂಡು ಆಕೆ ಕೂತಳು.

"ನಾನು ಮೊದಲು ಹೊರಟೆ, ಯಾಕಂದ್ರೆ ಹೋಟೆಲಲ್ಲಿ ರಾತ್ರಿ ಪಾಳಿ. ಓಡ್ಕೊಂಡೇ ಇಳಿದೆ, ಯಾಕಂದ್ರೆ ಮಾಲೀಕ ಬೈತಾನೆ. ಮೇಷ್ಟ್ರಿಗೆ ಹೋಗ್ಬರ್ತೀನಿ ಅಂತಲೂ ಹೇಳಲಿಲ್ಲ, ಯಾಕಂದ್ರೆ..."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟಳು.

"ಒಂದ್ನಿಮಿಷ. ನಾನು ಯಾಕೆ ಅಂತ ಕೇಳಿದ್ನಾ?"

"ಇಲ್ಲ ಮೇಡಂ."

"ಮತ್ತೆ ಯಾಕೆ ಹೇಳ್ತಿದ್ದೀರಿ?"

ಅವನು ಪೆಚ್ಚಾಗಿ ನರ್ಸ್ ಕಡೆ ನೋಡಿದ. ನರ್ಸ್ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಅದು ಸರ್ ಮಾಡಿದ ನಿಯಮ ಮೇಡಂ. ಇಂಟರ್‌ವ್ಯೂನವರು ನೀವು ಏನು ಮಾಡಿದ್ರಿ ಅಂತ ಮಾತ್ರ ನೋಡಲ್ಲ, ಯಾಕೆ ಮಾಡಿದ್ರಿ ಅಂತ ಬಾಯಿಬಿಟ್ಟು ಹೇಳ್ಬೇಕು ಅಂತಿದ್ರು. ಬಿಕಾಸ್ ಇಲ್ಲದ ವಾಕ್ಯ ಬಂದ್ರೆ ಎಬ್ಬಿಸಿ ನಿಲ್ಲಿಸ್ತಿದ್ರು. ಕನ್ನಡದಲ್ಲಿ ಮಾತಾಡಿದ್ರೂ ಸರಿ. ಈಗ ಮನೇಲೂ ಹಾಗೇ ಬರತ್ತೆ. ನಮ್ಮತ್ತೆ ನನ್ನನ್ನ ಯಾಕಂದ್ರೆ ಅಂತಲೇ ಕರೀತಾರೆ."

"ಈ ನಿಯಮ ನಮ್ಮನೆಯವಳಿಗೆ ತಿಳಿದ್ರೆ ನನ್ನ ಗತಿ ಮುಗೀತು," ಎಂದು ಗೊಣಗಿದ ಹೆಡ್ ಕಾನ್‌ಸ್ಟೇಬಲ್.

ಇನ್‌ಸ್ಪೆಕ್ಟರ್ ನಗಲಿಲ್ಲ. ಡ್ರೈವರ್ ಕೊಟ್ಟ ಕಾರಣಗಳಲ್ಲಿ ಭಯವಿರಲಿಲ್ಲ. ಅದು ಬರೀ ಅಭ್ಯಾಸ. ಒಬ್ಬನನ್ನು ಒಳಗೆ ಕೂರಿಸಿದ್ದು ಅವನು ಪಾಠ ಚೆನ್ನಾಗಿ ಕಲಿತದ್ದಕ್ಕೆ. ಹಾಗಾದರೆ ಇಲ್ಲಿ ಹುಡುಕಬೇಕಾದ್ದು ಕಾರಣ ಕೊಟ್ಟವನನ್ನಲ್ಲ. ಆಕೆ ಹೆಡ್ ಕಾನ್‌ಸ್ಟೇಬಲ್ ಕೈಯಿಂದ ಬೆಳಗಿನ ಹೇಳಿಕೆ ತೆಗೆದುಕೊಂಡು ಮತ್ತೆ ಓದಿದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು.

"ಮೇಷ್ಟ್ರು ನಿನ್ನೆ ಏನಾದ್ರೂ ಬೇಸರದಲ್ಲಿದ್ರಾ?" ನರ್ಸನ್ನು ಕೇಳಿದಳು.

ನರ್ಸ್ ಬಾಗಿಲ ಕಡೆ ನೋಡಿದಳು. ಹೊರಗಿನ ಹಜಾರದಲ್ಲಿ ಚಿಕ್ಕ ಮೇಷ್ಟ್ರ ಸದ್ದು. ಅವಳ ದನಿ ಇಳಿಯಿತು.

"ಚಿಕ್ಕ ಮೇಷ್ಟ್ರು ನನಗೆ ಇಂಗ್ಲಿಷ್ ಪರೀಕ್ಷೆಯ ಪ್ರಶ್ನೆ ಮೊದಲೇ ಕೊಡ್ತೀನಿ ಅಂದಿದ್ರು. ಬೇರೆಯವರಿಗೂ ಮಾರಿದ್ದಾರೆ. ನಿನ್ನೆ ಸಂಜೆ ನಾನು ಸರ್‌ಗೆ ಹೇಳ್ಬಿಟ್ಟೆ. ಯಾಕಂದ್ರೆ... ಯಾಕಂದ್ರೆ ಅವರು ಒಳ್ಳೆಯವರು. ಯಾರ್ಯಾರು ಉರು ಹೊಡೆದು ಹೇಳಿದ್ದಾರೆ ಅಂತ ರೆಕಾರ್ಡಿಂಗ್ ಕೇಳಿ ನೋಡ್ತೀನಿ, ಬೆಳಿಗ್ಗೆ ಪರೀಕ್ಷಾ ಕೇಂದ್ರಕ್ಕೆ ಹೋಗಿ ದೂರು ಕೊಡ್ತೀನಿ ಅಂದ್ರು. ಚಿಕ್ಕ ಮೇಷ್ಟ್ರು ಬಾಗಿಲಲ್ಲೇ ನಿಂತಿದ್ರು ಮೇಡಂ. ತಿರುಗಿದಾಗಲೇ ನಾನು ನೋಡಿದ್ದು."

*

ಇನ್‌ಸ್ಪೆಕ್ಟರ್ ಕೆಳಗಿಳಿದು ಟೈರ್ ಅಂಗಡಿಯವನ ಜೊತೆ ಸ್ವಲ್ಪ ಹೊತ್ತು ಮಾತಾಡಿದಳು. ಹಿತ್ತಿಲ ಓಣಿಯಲ್ಲಿದ್ದ ಗುಡಿಸುವಾಕೆಯ ಮನೆಗೂ ಹೋಗಿಬಂದಳು. ಇಬ್ಬರನ್ನೂ ಮೇಲೆ ಕರೆತಂದಳು. ಚಿಕ್ಕ ಮೇಷ್ಟ್ರನ್ನು ಕರಿಹಲಗೆಯ ಮುಂದಿನ ಬೆಂಚಿನಲ್ಲಿ ಕೂರಿಸಿದಳು.

"ಒಂದೇ ಪ್ರಶ್ನೆ. ನಿನ್ನೆ ಹಿಂದಿನ ಮೆಟ್ಟಿಲಲ್ಲಿ ಯಾಕೆ ಇಳಿದ್ರಿ?"

"ಯಾಕೆ ಅಂದ್ರೆ?"

"ಬೆಳಿಗ್ಗೆ ಎಲ್ಲದಕ್ಕೂ ಕಾರಣ ಹೇಳಿದ್ರಿ. ಫ್ಯಾನಿಗೆ ಸಹ. ಇದೊಂದಕ್ಕೆ ಹೇಳಲಿಲ್ಲ. ಕತ್ತಲೆ ಅಂತ ಎಲ್ಲರನ್ನೂ ಮುಂದಿನಿಂದ ಕಳಿಸಿದ ಮೇಷ್ಟ್ರು ತಾವು ಮಾತ್ರ ಆ ಕತ್ತಲಲ್ಲಿ ಇಳಿದ್ರು. ಯಾಕೆ?"

ಅವನು ತುಟಿ ಒದ್ದೆ ಮಾಡಿಕೊಂಡ. "ಬೈಕ್ ಹಿಂದೆ ನಿಲ್ಲಿಸಿದ್ದೆ. ಅದಕ್ಕೆ."

"ಏನ್ ಚಿಕ್ಕ ಮೇಷ್ಟ್ರೇ ನೀವು!" ಬಾಗಿಲಲ್ಲಿದ್ದ ಟೈರ್ ಅಂಗಡಿಯವನು ತಡೆಯಲಾರದೆ ಅಂದ. "ನಿಮ್ಮ ಬೈಕು ಮಧ್ಯಾಹ್ನದಿಂದ ನನ್ನ ಅಂಗಡೀಲೇ ಬಿದ್ದಿದೆ. ಪಂಕ್ಚರ್. ಡ್ರೈವರಣ್ಣ ಇಳಿದು ಹೋದ ಮೇಲೆ ನೀವು ಓಣಿ ಸುತ್ಕೊಂಡು ಬಂದು, ಆಯ್ತೇನಯ್ಯಾ ಅಂತ ಕೇಳಲಿಲ್ವಾ? ನಾಳೆ ಬನ್ನಿ ಅಂದೆನಲ್ಲ."

"ಅಂಗಡಿ ಇರೋದು ಮುಂದಿನ ಮೆಟ್ಟಿಲ ಬುಡದಲ್ಲಿ," ಅಂದಳು ಇನ್‌ಸ್ಪೆಕ್ಟರ್. "ಬೈಕ್ ಕೇಳೋದಿದ್ರೆ ಅಲ್ಲೇ ಇಳಿಯೋದು ಬಿಟ್ಟು ಇಡೀ ಸಾಲು ಸುತ್ತಿ ಬಂದಿದ್ದೀರಿ. ಅದೂ ಡ್ರೈವರ್ ಹೋದ ಮೇಲೆ. ಅವನಿಗಿಂತ ಮೊದಲು ಹೊರಟವರು ಅಷ್ಟು ಹೊತ್ತು ಎಲ್ಲಿದ್ರಿ? ಶಟರ್ ಆಚೆ, ಮೆಟ್ಟಿಲ ಮೇಲೆ. ಅವನು ಟ್ಯಾಂಕ್ ತುಂಬಿಸಿ ಹೋಗಲಿ ಅಂತ ಕಾದಿರಿ. ದೊಡ್ಡಪ್ಪನ ಕಿವಿಗೆ ಹೆಡ್‌ಫೋನ್, ಬೆನ್ನು ಬಾಲ್ಕನಿ ಕಡೆ. ಶಟರ್ ಎಳೆದು ಹೊರಗಿಂದ ಚಿಲಕ ಹಾಕಿ ಇಳಿದ್ರಿ. ಓಣಿಯಲ್ಲಿ ಈಯಮ್ಮ ಎದುರಾದ್ಲು."

"ನಾನೇ ಮಾತಾಡ್ಸಿದ್ನಲ್ಲ," ಅಂದಳು ಗುಡಿಸುವಾಕೆ. "ಏನ್ ಮೇಷ್ಟ್ರೇ ಈ ಕಡೆಯಿಂದ ಅಂದೆ. ಸುಮ್ನೆ ಹೋದ್ರು."

"ಇವಳು ನೋಡಿದ್ದಾಳೆ ಅಂತಲೇ ಹಿಂದಿನ ಮೆಟ್ಟಿಲು ಮುಚ್ಚಿಡೋಕೆ ಆಗಲಿಲ್ಲ. ಇಳಿದೆ ಅಂತ ಹೇಳಲೇಬೇಕಾಯ್ತು. ಕಾರಣ ಮಾತ್ರ ಹೊಂದಿಸಿಕೊಂಡಿರಲಿಲ್ಲ."

ಚಿಕ್ಕ ಮೇಷ್ಟ್ರು ತನ್ನ ಅಂಗೈ ನೋಡಿಕೊಂಡ.

"ಸಾಯಲಿ ಅಂತ ಮಾಡಲಿಲ್ಲ," ಅಂದ. "ತಲೆ ಸುತ್ತಿ ಎರಡು ದಿನ ಮಲಗಿದ್ರೆ ಸಾಕಿತ್ತು. ಅಷ್ಟರಲ್ಲಿ ಕೈಕಾಲು ಹಿಡಿದಾದ್ರೂ ಒಪ್ಪಿಸ್ತಿದ್ದೆ. ಚಿಕ್ಕಂದಿನಲ್ಲಿ ನನ್ನನ್ನ ಹೊತ್ತು ತಿರುಗಿದವರು ಅವರು. ಅಪ್ಪ ಹೋದ ಮೇಲೆ ನನ್ನನ್ನ ಓದಿಸಿದವರು."

"ಭರ್ತಿ ಟ್ಯಾಂಕಿಗೆ ಕಾದವರು ನೀವು," ಅಂದಳು ಆಕೆ. "ಅದನ್ನ ಕೋರ್ಟಿನಲ್ಲಿ ಹೇಳಿ."

ನರ್ಸ್ ಗೋಡೆಗೆ ಒರಗಿ ಕೆಳಗೆ ಕೂತುಬಿಟ್ಟಳು. "ನಾನು ಹೇಳದೇ ಇದ್ದಿದ್ರೆ," ಅಂದಳು. ಅಡುಗೆಯವನು ಅವಳ ಪಕ್ಕ ಒಂದು ಲೋಟ ನೀರು ತಂದಿಟ್ಟ. ಅವಳು ಮುಟ್ಟಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ತಾನು ಬರೆದಿದ್ದ ಪದಕ್ಕೆ ಗೀಟು ಹಾಕಿದ. ಮೇಲೆ 'ಉದ್ದೇಶಪೂರ್ವಕವಾಗಿ' ಎಂದು ಬರೆದ.

*

ಎರಡು ಗಂಟೆ ದಾಟಿದ ಮೇಲೆ ಲಾಕಪ್ಪಿನ ಬಾಗಿಲು ತೆರೆದರು. ಡ್ರೈವರ್ ಅಂಗಿ ಮುದುಡಿ ಹೋಗಿತ್ತು. ಮೇಷ್ಟ್ರನ್ನು ಕೊಂದವನು ಯಾರು ಅಂತ ಹೇಳಿದಾಗ ಅವನು ಗೋಡೆ ಹಿಡಿದು ನಿಂತ.

"ತಪ್ಪು ನನ್ನದು," ಅಂದಳು ಇನ್‌ಸ್ಪೆಕ್ಟರ್. "ಜೀಪ್ ಇದೆ. ಇಂಟರ್‌ವ್ಯೂ ಜಾಗದವರೆಗೆ ಬಿಡ್ತಾರೆ."

"ಈಗ ಹೋಗಿ ಏನ್ ಮಾಡ್ಲಿ ಮೇಡಂ? ಹೋಗ್ಬೇಡ ಅಂದಿದ್ರು ಅವರು."

"ವಯಸ್ಸು ಮೀರತ್ತೆ ಅಂದ್ರಲ್ಲ. ಹತ್ತಿ."

ಅವನು ಹತ್ತಿದ. ದಾರಿಯುದ್ದಕ್ಕೂ ಅಂಗಿಯ ಮುದುಡು ಸವರುತ್ತಲೇ ಇದ್ದ ಎಂದು ಜೀಪಿನವನು ಆಮೇಲೆ ಹೇಳಿದ.

ಡ್ರೈವರ್ ಪಾಸಾದ. ಮುಂದಿನ ತಿಂಗಳು ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಹೊರದೇಶದ ಕೆಲಸಕ್ಕೆ ಹೊರಟುಹೋದ. ನರ್ಸ್ ಪರೀಕ್ಷೆಗೆ ಕೂರಲಿಲ್ಲ.