ಮುನಾಫನ ಬಸ್ಸಿನ ಕನ್ನಡಿ

ಜಯಶ್ರೀಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬರುತ್ತಿತ್ತು. ಗೋವಾದ ವೆರ್ಣಾದಲ್ಲಿರುವ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಷಿನ್ ನಿಂತರೆ ಮೆಕ್ಯಾನಿಕ್‌ಗಿಂತ ಮೊದಲು ಅವಳನ್ನೇ ಕರೆಯುತ್ತಿದ್ದರು. ಆದರೆ ಲೈನ್ ಲೀಡರ್ ಆಗಬೇಕಾದರೆ ಶಿಫ್ಟ್ ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ಅದಕ್ಕೊಂದು ಪರೀಕ್ಷೆಯಿತ್ತು.

ಕಲಿಸಲು ಒಪ್ಪಿದವನು ಸ್ಟೋರ್ಸ್ ವಿಭಾಗದ ಓಂಕಾರ್, ಧಾರವಾಡದವನು. ಪಾಠ ಕಂಪನಿ ಬಸ್ಸಿನಲ್ಲಿ. ಮುಂದಿನ ಸೀಟುಗಳು ಹೆಂಗಸರಿಗೆ. ಅವನು ಅವಳ ಹಿಂದೆ ಕೂರುತ್ತಿದ್ದ, ನೋಟ್‌ಬುಕ್ ಭುಜದ ಮೇಲಿಂದ ಹೋಗಿ ಬರುತ್ತಿತ್ತು. ಮುಖ ಕಾಣಬೇಕೆಂದರೆ ಡ್ರೈವರ್ ಮುನಾಫನ ತಲೆಯ ಮೇಲಿನ ಕನ್ನಡಿಯೇ ಗತಿ.

ಸುಗರಾಬಿ ಅವಳ ಜೊತೆ ಕೆಲಸ ಮಾಡುವವಳು. ‘ಸೂಪರ್‌ವೈಸರ್ ಕಾಲ್ಡ್ ಸುಗರಾಬಿ ಅಂಡ್ ಐ’ ಎಂದು ಬರೆದಿದ್ದಳು ಜಯಶ್ರೀ.

“ಸುಗರಾಬಿನ್ನ ತಗದು ಓದ್ರಿ,” ಎಂದ ಓಂಕಾರ್. “ಕಾಲ್ಡ್ ಐ ಅಂತೀರೇನು?”

“ಇಲ್ರಿ. ಕಾಲ್ಡ್ ಮಿ.”

“ಅಕಿ ಬಂದು ಕೂತ್ರೂ ಅದು ಮಿ ಅಂತನ ಇರ್ತೈತಿ. ಕರದದ್ದು ಒಂದ ಸಲ, ಕರಸಿಕೊಂಡವರು ಇಬ್ರು. ಕಾಂಪೌಂಡ್ ಆಬ್ಜೆಕ್ಟ್ ಅಂದ್ರ ಇಷ್ಟ.”

“ಪಾಪ ಸುಗರಾಬಿ! ದಿನಾ ಅಕಿನ್ನ ಹೊರಗ ಹಾಕಬೇಕೇನ್ರಿ?”

ಕನ್ನಡಿಯಲ್ಲಿ ಅವನು ನಕ್ಕ. ಅವಳು ನೋಡಿದಳು. ಅವನೂ ಕಣ್ಣು ಕೀಳಲಿಲ್ಲ.

“ಮಾಸ್ತರ, ಕನ್ನಡಿ ನನಗೂ ಸ್ವಲ್ಪ ಬೇಕ್ರಿ,” ಎಂದ ಮುನಾಫ. “ಬಸ್ ನಾನ ಹೊಡ್ಯಾಕತ್ತೇನಿ.”

ಪಾಠ ಅವಳಿಗೆ ಎರಡನೆಯ ದಿನವೇ ತಿಳಿಯಿತು. ಮೂರನೆಯ ದಿನವೂ ಅದೇ ತಪ್ಪು ಬರೆದಳು. ಹೀಗೆ ಮೂರು ವಾರ. ಲೀಡರ್ ಜಾಗ ಖಾಲಿಯಿದ್ದದ್ದು ಎರಡನೇ ಶಿಫ್ಟಿನಲ್ಲಿ, ಅವನಿದ್ದದ್ದು ಮೊದಲ ಶಿಫ್ಟಿನಲ್ಲಿ. ಪಾಸಾದರೆ ಈ ಬಸ್ಸಿಲ್ಲ.

ಪರೀಕ್ಷೆಯ ಹಿಂದಿನ ದಿನ ಅವನು ನೋಟ್‌ಬುಕ್ ತೆರೆಯಲೇ ಇಲ್ಲ.

“ನಾಳೆ ಆ ತಪ್ಪು ಮಾಡಬ್ಯಾಡ್ರಿ,” ಎಂದ.

“ಯಾವ ತಪ್ಪ್ರಿ?”

“ದಿನಾ ಬೇಕಂತ ಮಾಡೂದು.”

ಅವಳ ಕಿವಿ ಬಿಸಿಯಾಯಿತು. “ಗೊತ್ತಿತ್ತಂದ್ರ ಯಾಕ ಹೇಳಲಿಲ್ರಿ?”

“ನೀವ್ಯಾಕ ಮಾಡಿದ್ರಿ?”

ಅವಳು ಕನ್ನಡಿಯಲ್ಲಿ ಅವನನ್ನೇ ನೋಡಿ ನೇರವಾಗಿ ಕೇಳಿದಳು: “ನಾಳೆ ತಪ್ಪು ಬರದ್ರ ಬಸ್ ಉಳೀತೈತಿ. ಬರೀಲೇನ್ರಿ?”

“ಬ್ಯಾಡ. ಲೀಡರ್ ಆಗ್ರಿ. ಬಸ್ ಹೋಗ್ಲಿ, ನಾನು ನಿಮ್ಮ ಮನೀಗೇ ಬರ್ತೇನಿ.”

“ನಮ್ಮ ಮನಿ ಮೋತಿ ಡೊಂಗರ್ ಗುಡ್ಡದ ಮ್ಯಾಲೈತಿ, ಹತ್ತೀರೇನು? ನೂರಾ ಹನ್ನೆರಡು ಮೆಟ್ಟಲ ಅದಾವು. ಆಫೀಸ್ ಕಾಲು ನಿಮ್ಮವು.”

“ಎಣಿಸಿ ಹೇಳ್ತೇನಿ.”

ಅವಳು ಪಾಸಾದಳು. ಪರೀಕ್ಷೆಯಲ್ಲಿ ಒಂದೂ ತಪ್ಪಿರಲಿಲ್ಲ.

ಭಾನುವಾರ ಓಂಕಾರ್ ಬಂದ. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡದ್ದನ್ನು ಅವಳು ಮೇಲಿಂದಲೇ ನೋಡಿದ್ದಳು.

ತಾಯಿ ಫಕೀರವ್ವ ನೀರು ಕೊಟ್ಟಳು. “ಇಂಗ್ಲಿಷ್ ಮಾಸ್ತರ ನೀವ ಏನ್ರಿ? ಅಕಿ ಪಾಸಾದಳಲ್ಲ, ಇನ್ನೇನೈತಿ?”

“ಮಾಸ್ತರಿಕಿ ಮುಗೀತ್ರಿ ಅವ್ವಾರ. ನಿಮ್ಮ ಮಗಳನ್ನ ಮದುವಿ ಆಗ್ಬೇಕಂತ ಕೇಳ್ಲಿಕ್ಕೆ ಬಂದೇನಿ.”

ಫಕೀರವ್ವ ಅವನ ಬೆವರನ್ನೂ ಮಗಳ ಮುಖವನ್ನೂ ನೋಡಿದಳು. “ನಿಮ್ಮ ಮನ್ಯಾಗ ಗೊತ್ತೈತೇನು?”

“ನಿನ್ನೇನ ಹೇಳೇನ್ರಿ. ಅಪ್ಪ ಇನ್ನೂ ಮಾತಾಡವಲ್ರು. ಅವ್ವ ನಿಮ್ಮನ್ನ ನೋಡಬೇಕಂದಾಳ.”

“ನೀ ಏನಂತಿ?” ಎಂದು ಮಗಳನ್ನು ಕೇಳಿದಳು ಫಕೀರವ್ವ.

“ಮೆಟ್ಟಲ ಎಷ್ಟದಾವಂತ ಕೇಳವ್ವಾ,” ಎಂದಳು ಜಯಶ್ರೀ.

“ನೂರಾ ಹದಿನಾಲ್ಕು,” ಎಂದ ಅವನು. “ಎರಡು ಬಿಟ್ಟು ಹೇಳಿದ್ರಿ.”

“ಹೂಂ ಅಂತೇನಿ,” ಎಂದು ಅವ್ವನಿಗೆ ಹೇಳಿದಳು ಜಯಶ್ರೀ.

ಸೋಮವಾರ ಅವಳು ಎರಡನೇ ಶಿಫ್ಟಿನ ಬಸ್ ಹತ್ತಿದಳು. ಹಿಂದಿನ ಸೀಟಿನಲ್ಲಿ ಯಾರೋ ನಿದ್ದೆ ಹೊಡೆಯುತ್ತಿದ್ದ. ಅವಳು ಕಳೆದುಕೊಂಡದ್ದು ಇಷ್ಟೇ: ಹೋಗುವಾಗ ಮೂವತ್ತೈದು ನಿಮಿಷ, ಬರುವಾಗ ಮೂವತ್ತೈದು ನಿಮಿಷ, ವಾರಕ್ಕೆ ಆರು ದಿನ.