ಹನ್ನೆರಡನೆಯ ಸ್ಲೈಡ್

ತರಬೇತಿ ಕೋಣೆಯ ಕಂಪ್ಯೂಟರಿನಲ್ಲಿ ಒಂದು ಸ್ಲೈಡೂ ಉಳಿದಿರಲಿಲ್ಲ. ತಗಡು ಒತ್ತುವ ಕಾರ್ಖಾನೆಯ ಸುರಕ್ಷತಾ ಪಾಠಗಳೆಲ್ಲ ಮಂಗಮಾಯ! ಮರುದಿನವೇ ಅಪಘಾತದ ವಿಚಾರಣೆ.

ಅವನ್ನು ಹುಡುಕಲು ನನ್ನನ್ನೂ ನನ್ನ ಜೊತೆಗಾರನನ್ನೂ ಕರೆಸಿದ್ದು ತರಬೇತುದಾರನ ಹೆಂಡತಿ. ಆಕೆಯ ತಮ್ಮ ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲೇ ಯಂತ್ರಕ್ಕೆ ಸಿಕ್ಕಿ ಮೂರು ಬೆರಳು ಕಳೆದುಕೊಂಡಿದ್ದ. ಯಂತ್ರ ಅಕಸ್ಮಾತ್ ಚಾಲೂ ಆಗದಂತೆ ಬೀಗ ಹಾಕುವ ಪಾಠವನ್ನು ತನಗೆ ಯಾರೂ ಹೇಳಿಕೊಡಲಿಲ್ಲ ಎನ್ನುತ್ತಿದ್ದ. ಹೇಳಿಕೊಟ್ಟಿದ್ದೆ ಎನ್ನುತ್ತಿದ್ದ ತರಬೇತುದಾರ ಭಾವ. ಭಾವನ ಮಾತೇ ನಿಜವೆಂದಾದರೆ ತಪ್ಪೆಲ್ಲ ತಮ್ಮನ ತಲೆಗೆ. ಕೆಲಸವೂ ಇಲ್ಲ, ಪರಿಹಾರವೂ ಇಲ್ಲ.

"ಒಬ್ಬ ಕಟ್ಟಿಕೊಂಡ ಗಂಡ, ಒಬ್ಬ ನಾನೇ ಎತ್ತಿ ಆಡಿಸಿದ ತಮ್ಮ. ಸುಳ್ಳು ಯಾರದು, ಹೇಳಿಬಿಡಿ," ಎಂದಳು ಆಕೆ.

"ಅಳಿಸಿದವನು ಇವನೇ!" ತರಬೇತುದಾರ ಭಾಮೈದನತ್ತ ಬೆರಳು ತೋರಿಸಿದ. "ಪಾಠ ಸಿಕ್ಕಿದ್ರೆ ಇವನ ಬಣ್ಣ ಬಯಲಾಗತ್ತಲ್ಲ!"

ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಕೂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಜೊತೆಗಾರ ಕಂಪ್ಯೂಟರ್ ರಿಪೇರಿಯವನು, ಊರಿಗೆಲ್ಲ ಗೊಣಗಪ್ಪ. ಕಳೆದುಹೋದ ಫೈಲು ಹುಡುಕುವುದರಲ್ಲಿ ಎತ್ತಿದ ಕೈ.

"ಪಾಸ್‌ವರ್ಡ್ ಯಾರಿಗೆ ಗೊತ್ತು?" ಎಂದು ಗೊಣಗಿದ.

"ಎಲ್ಲರಿಗೂ. ಮಾನಿಟರ್ ಮೇಲೇ ಅಂಟಿಸಿದಾರೆ," ಎಂದಳು ಹೆಂಡತಿ.

"ಭೇಷ್! ಈ ಪಾಠಗಳು ಬೇರೆ ಎಲ್ಲಾದ್ರೂ ಇವೆಯಾ?"

"ಯಂತ್ರದ ಹತ್ರ ಹಳೇ ಕಂಪ್ಯೂಟರಿದೆ," ಎಂದ ತಮ್ಮ. "ಅದರಲ್ಲಿ ಸ್ಲೈಡ್ ತೆರೆಯಲ್ಲ ಅಂತ ಭಾವನೇ ವೆಬ್ ಪುಟ ಮಾಡಿ ಹಾಕಿದ್ರು."

"ಅದರಲ್ಲಿ ಬೀಗದ ಪಾಠ ಬರಲ್ಲ," ತರಬೇತುದಾರ ಒಡನೆ ಅಂದ. "ನೋಡಿದೀನಿ."

ಗೊಣಗಪ್ಪ ಅದನ್ನೇ ತೆರೆದ. 'ಮುಂದೆ' ಒತ್ತಿದಂತೆಲ್ಲ ಪುಟಗಳು ಬಂದವು. ಹನ್ನೊಂದು — ಆಮೇಲೆ ನೇರ ಹದಿಮೂರು!

"ಹೇಳಲಿಲ್ವಾ?" ಎಂದ ತರಬೇತುದಾರ.

ಗೊಣಗಪ್ಪ ಆ ಪುಟಗಳ ಜೊತೆಗಿದ್ದ ಫೋಲ್ಡರನ್ನು ತೆರೆದ. ಪ್ರತಿ ಸ್ಲೈಡಿಗೂ ಅಲ್ಲೊಂದು ಫೈಲು. ಹನ್ನೆರಡನೆಯದೂ ಇತ್ತು! ಹಳದಿ ಬೀಗದ ಚಿತ್ರ, ಕೆಳಗೊಂದು ಸಾಲು.

"ಸಿಕ್ತಲ್ಲ! ನಾನು ಕಲಿಸಿದ್ದೆ ಅಂತಾಯ್ತು!"

"ಬರೆದಿದ್ರಿ. ಕಲಿಸಲಿಲ್ಲ," ಎಂದ ಗೊಣಗಪ್ಪ. "ಪಾಠ ಮಾಡುವಾಗ ಹಾರಿಹೋಗಲಿ ಅಂತ ಈ ಸ್ಲೈಡ್ ಮರೆಮಾಡಿದೀರಿ. ಹಾಗೆ ಮಾಡಿದ್ರೆ 'ಮುಂದೆ' ಒತ್ತಿದಾಗ ಬರಲ್ಲ, ಫೈಲು ಮಾತ್ರ ಉಳಿಯತ್ತೆ. ಫೈಲಿನೊಳಗೆ ಆ ಗುರುತೂ ಇದೆ. ತಾರೀಖು ಇವನು ಕೆಲಸಕ್ಕೆ ಸೇರೋದಕ್ಕೂ ಹಿಂದಿನದು."

"ಅಳಿಸಿದ್ದು ಅವನಲ್ವಾ?" ಎಂದ ತರಬೇತುದಾರ.

"ಅವನ್ಯಾಕೆ ಅಳಿಸ್ತಾನೆ? ತೋರಿಸಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಮೂಲ ಫೈಲು ತೆರೆದ್ರೆ ಮರೆಮಾಡಿದ್ದು ಕಾಣತ್ತೆ ಅನ್ನೋ ಭಯ ಮರೆಮಾಡಿದವರಿಗೆ ಮಾತ್ರ. ಅದಕ್ಕೇ ನೀವು ಅಳಿಸಿದ್ರಿ. ಆಮೇಲೆ ವೆಬ್ ಪುಟ ನೋಡಿದ್ರಿ, ಹನ್ನೆರಡು ಬರಲಿಲ್ಲ, ನಿಶ್ಚಿಂತೆ! 'ನೋಡಿದೀನಿ' ಅಂದ್ರಲ್ಲ — ಹೆಂಡತಿ ಇಷ್ಟೆಲ್ಲ ಹುಡುಕಿಸುವಾಗ ಈ ಪುಟಗಳಿವೆ ಅಂತ ಯಾಕೆ ಬಾಯಿ ಬಿಡಲಿಲ್ಲ?"

ತರಬೇತುದಾರನ ಮುಖ ಬಿಳಿಚಿಕೊಂಡಿತು. "ಪಾಠ ಬೇಗ ಮುಗಿಸು ಅಂದ್ರು ಮ್ಯಾನೇಜರು. ಇದೊಂದು ಬಿಟ್ರೆ ಏನಾಗತ್ತೆ ಅಂತ..."

ತಮ್ಮ ಎದ್ದು ಬಂದು ಪರದೆಯ ಮೇಲಿನ ಸಾಲನ್ನು ಮೆಲ್ಲಗೆ ಓದಿದ: "ಕೈ ಹಾಕುವ ಮುಂಚೆ ಸ್ವಿಚ್ ಆರಿಸಿ ಬೀಗ ಹಾಕಿ."

ಭಾವನತ್ತ ತಿರುಗಿದ. "ಇಷ್ಟೇನಾ ಭಾವ?"

ಆಕೆ ಗಂಡನ ಮುಖವನ್ನೂ ನೋಡದೆ ಗೊಣಗಪ್ಪನಿಗೆ ಹೇಳಿದಳು: "ಇದರ ಪ್ರತಿ ಮಾಡಿಕೊಡಿ. ನಾಳೆ ವಿಚಾರಣೆಗೆ ನಾನೇ ತಗೊಂಡು ಹೋಗ್ತೀನಿ."